ಮೂವತ್ತು ಸಿಟ್ಟಿಂಗ್: ತಲೆಗೆ ಮ್ಯಾಗ್ನೆಟ್ ಚಿಕಿತ್ಸೆಗೆ ಹೊರಟವರಿಗೆ ಒಬ್ಬ ಟೈಲರ್ ಹೇಳುವುದು

ನಾನು ತುಮಕೂರಿನಲ್ಲಿ ಬ್ಲೌಸ್ ಹೊಲಿಯುವವಳು. 21 ವರ್ಷದಿಂದ ಅದೇ ಕೆಲಸ. ಎರಡು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಸೀಸನ್‌ನಲ್ಲಿ, ನನ್ನ ಅಂಗಡಿ ಮೂಲೆಯಲ್ಲಿ ನಲವತ್ತು ಬ್ಲೌಸ್ ಪೀಸು ಕವರಿನಲ್ಲೇ ಬಿದ್ದಿದ್ದವು. ಒಂದಕ್ಕೂ ಕತ್ತರಿ ತಾಗಿರಲಿಲ್ಲ. ಫೋನ್ ಬಂದರೆ ಬೋರಲು ಹಾಕಿ ಇಡುತ್ತಿದ್ದೆ. ಗಿರಾಕಿಗಳು ಬಂದು ಬೈದರು, ಅಳತೆ ಬ್ಲೌಸ್ ವಾಪಸ್ ತಗೊಂಡು ಹೋದರು. ನನಗೆ ಬೇಜಾರೂ ಆಗಲಿಲ್ಲ. ಅದೇ ರೋಗ, ಅದರ ಹೆಸರು ಖಿನ್ನತೆ ಅಂತ ಆಮೇಲೆ ಗೊತ್ತಾಯಿತು.

ಮಾತ್ರೆ ಶುರುವಾಯಿತು. ಮೊದಲು ಎಸಿಟಲೋಪ್ರಾಮ್, ಅದು ಹಿಡಿಯಲಿಲ್ಲ ಅಂತ ವೆನ್ಲಾಫ್ಯಾಕ್ಸಿನ್, ಆಮೇಲೆ ಅದಕ್ಕೆ ಜೊತೆಯಾಗಿ ಇನ್ನೊಂದು. ಒಂದು ವರ್ಷ ಹೀಗೇ ಕಳೆಯಿತು. ಕೊನೆಗೆ ನಮ್ಮ ಡಾಕ್ಟರ್ ಮೇಡಂ, "ಟಿಎಂಎಸ್ ಅಂತ ಒಂದಿದೆ, ಬೆಂಗಳೂರಿಗೆ ಹೋಗಬೇಕಾಗತ್ತೆ, ದಿನಾ ಹೋಗಬೇಕಾಗತ್ತೆ" ಅಂದರು. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಅನ್ನುವುದು ಪೂರ್ತಿ ಹೆಸರು. ತಲೆಬುರುಡೆ ಹೊರಗಿನಿಂದಲೇ ಕಾಂತದ ಬಲದಿಂದ ಮಿದುಳಿನ ಒಂದು ಜಾಗವನ್ನು ತಟ್ಟಿ ಎಬ್ಬಿಸುವುದು ಅಂತ ನಾನು ಅರ್ಥ ಮಾಡಿಕೊಂಡೆ.

ಮೆಷಿನ್ ಬಗ್ಗೆ ಎಲ್ಲರೂ ಹೇಳಿದರು. ಜಡೆ ಎಲ್ಲಿ ಕಟ್ಟಬೇಕು, ಆರು ವಾರ ಎಲ್ಲಿ ಉಳಿಯಬೇಕು, ಎದ್ದು ಕೂರಲೂ ಮನಸ್ಸಿಲ್ಲದವಳು ದಿನಾ ಹೇಗೆ ಹೋಗಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮಗೆ ಇದು ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಶಾಕ್ ಅಲ್ಲ, ಮ್ಯಾಗ್ನೆಟ್ ಬಳೆಯೂ ಅಲ್ಲ

ನಾನು ಹೊರಟಿದ್ದು ಗೊತ್ತಾದ ಕೂಡಲೇ ಮನೆಯಲ್ಲಿ ಎರಡು ಪಂಗಡ ಆಯಿತು. ನಮ್ಮ ಯಜಮಾನರು "ಕರೆಂಟ್ ಶಾಕ್ ಕೊಡ್ತಾರಾ?" ಅಂತ ಹೆದರಿದರು. ನಮ್ಮ ಅತ್ತೆ ವಸ್ತುಪ್ರದರ್ಶನದಲ್ಲಿ ತಗೊಂಡಿದ್ದ ಮ್ಯಾಗ್ನೆಟ್ ಬಳೆ ತಂದು, "ಇದನ್ನೇ ಹಾಕ್ಕೋ, ಅಷ್ಟು ದೂರ ಯಾಕೆ ಹೋಗ್ತೀಯಾ" ಅಂದರು. ಇಬ್ಬರದೂ ತಪ್ಪು.

ಶಾಕ್ ಅನ್ನುವುದು ಇಸಿಟಿ. ಅದಕ್ಕೆ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ, ಬೇಕೆಂದೇ ಸಣ್ಣದೊಂದು ಫಿಟ್ಸ್ ಬರಿಸುತ್ತಾರೆ. ಅದೂ ಕೆಟ್ಟದ್ದೇನಲ್ಲ. ಊಟ ನೀರು ಬಿಟ್ಟವರಿಗೆ, ಸಾಯುವ ಯೋಚನೆ ಬಲವಾಗಿ ಹಿಡಿದವರಿಗೆ ಇಸಿಟಿಯೇ ಬೇಗ ಕೆಲಸ ಮಾಡುತ್ತದೆ. ಅಂಥವರು ಟಿಎಂಎಸ್ ನಂಬಿಕೊಂಡು ಆರು ವಾರ ಕಾಯುತ್ತಾ ಕೂರಬಾರದು. ಟಿಎಂಎಸ್‌ನಲ್ಲಿ ಅರಿವಳಿಕೆ ಇಲ್ಲ. ಎಚ್ಚರವಾಗೇ ಕೂತಿರುತ್ತೀರಿ, ಮುಗಿದ ಮೇಲೆ ಎದ್ದು ಬಸ್ಸು ಹತ್ತುತ್ತೀರಿ.

ಬಳೆ ವಿಷಯ. ಸುಮ್ನೆ ಒಂದು ಕಡೆ ಇರುವ ಅಯಸ್ಕಾಂತ ಮಿದುಳಿಗೆ ಏನೂ ಮಾಡುವುದಿಲ್ಲ. ಕಾಂತದ ಬಲ ಬದಲಾಗುತ್ತಿದ್ದರೆ ಮಾತ್ರ ಪಕ್ಕದಲ್ಲಿ ಕರೆಂಟ್ ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ. ನನ್ನ ಮಗಳು ಪಿಯುಸಿ ಸೈನ್ಸು, ಪುಸ್ತಕ ತೆಗೆದು ಅವರಜ್ಜಿಗೆ ಓದಿ ಹೇಳಿದಳು. ತಲೆ ಮೇಲೆ ಇಟ್ಟ, ತಾಮ್ರದ ತಂತಿ ಸುತ್ತಿದ ಕಾಯಿಲ್‌ಗೆ ಕ್ಷಣಮಾತ್ರ ಭಾರಿ ಕರೆಂಟ್ ಬಿಟ್ಟರೆ ಒಂದೂವರೆ ಎರಡು ಟೆಸ್ಲಾದಷ್ಟು ಬಲ ಬರುತ್ತದೆ (ಟೆಸ್ಲಾ ಅಂದರೆ ಕಾಂತದ ಬಲ ಅಳೆಯುವ ಮಾನ). ಎಂಆರ್‌ಐ ಮೆಷಿನ್‌ದೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಇಲ್ಲಿ ಅದು ರೆಪ್ಪೆ ಬಡಿಯುವುದರೊಳಗೆ ಬಂದು ಹೋಗುತ್ತದೆ, ಕಾಯಿಲ್ ಕೆಳಗೆ ಎರಡು ಮೂರು ಸೆಂಟಿಮೀಟರ್‌ವರೆಗೆ ಮಾತ್ರ ಇಳಿಯುತ್ತದೆ. ಅಲ್ಲಿರುವ ನರಕೋಶಗಳು ಎದ್ದು ಕೂರುತ್ತವೆ. ಮಿದುಳಿನ ಮೇಲೆ ಇದನ್ನು ಮೊದಲು ಮಾಡಿ ತೋರಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1985ರಲ್ಲಿ, ಆಂಟನಿ ಬಾರ್ಕರ್ ಮತ್ತು ಅವರ ಜೊತೆಯವರು. ಖಿನ್ನತೆಗೆ ಬಳಸಬಹುದು ಅಂತ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಔಷಧಿಗೂ ಚಿಕಿತ್ಸೆಯ ಮೆಷಿನ್‌ಗೂ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಒಪ್ಪಿದ್ದು 2008ರಲ್ಲಿ. ನಮ್ಮ ಕಡೆ ಈಗ ಹಲವು ಆಸ್ಪತ್ರೆಗಳಲ್ಲಿದೆ, ನಿಮ್ಹಾನ್ಸ್‌ನಲ್ಲೂ ಇದೆ. ನಾನು ಹೋಗಿದ್ದು ಒಂದು ಖಾಸಗಿ ಜಾಗಕ್ಕೆ, ಅದರ ಹೆಸರು ಬೇಡ.

ಬಳೆಯನ್ನು ಅತ್ತೆ ಈಗಲೂ ಹಾಕಿಕೊಂಡೇ ಇದ್ದಾರೆ.

ಮೊದಲು ಫೈಲು

ಡಾಕ್ಟರ್ ಮೊದಲು ಕೇಳುವುದು, ಇಲ್ಲಿವರೆಗೆ ಏನೇನು ಮಾತ್ರೆ ತಗೊಂಡಿದ್ದೀರಿ ಅಂತ. "ಬಿಳಿ ಮಾತ್ರೆ, ಆಮೇಲೆ ಒಂದು ಕ್ಯಾಪ್ಸೂಲು" ಅಂದರೆ ನಡೆಯುವುದಿಲ್ಲ. ಕಡಿಮೆ ಅಂದರೂ ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ, ಆರೆಂಟು ವಾರ ಬಿಡದೆ ತಗೊಂಡೂ ಗುಣ ಕಾಣದಿದ್ದರೆ ಅದನ್ನು ಸುಲಭಕ್ಕೆ ಬಗ್ಗದ ಖಿನ್ನತೆ ಅನ್ನುತ್ತಾರೆ. ಹತ್ತು ದಿನ ತಗೊಂಡು ಹೊಟ್ಟೆ ಕೆಟ್ಟಿತು ಅಂತ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ನನ್ನ ಮೂರರಲ್ಲಿ ಒಂದು ಹಾಗೆ ಬಿದ್ದುಹೋಯಿತು.

ನಾನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಹಾಕಿ ಬರೆದೆ. ಮಾತ್ರೆ ಹೆಸರು, ಎಷ್ಟು ಎಂಜಿ, ಯಾವ ತಿಂಗಳಿಂದ ಯಾವ ತಿಂಗಳು, ಯಾಕೆ ನಿಂತಿತು. ಹಳೆ ಚೀಟಿ ಕಳೆದಿದ್ದರೆ ಮೆಡಿಕಲ್ ಸ್ಟೋರ್‌ನವರನ್ನು ಕೇಳಿ, ಬಿಲ್ಲು ಅವರ ಕಂಪ್ಯೂಟರಿನಲ್ಲಿ ಸಿಗಬಹುದು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ರಿಪೋರ್ಟ್ ಇದ್ದರೆ ಇಟ್ಟುಕೊಳ್ಳಿ.

ಮಾತ್ರೆ ಮೇಲೆ ಮಾತ್ರೆ ಬದಲಾಯಿಸುತ್ತಾ ಹೋಗುವುದಕ್ಕಿಂತ ಬೇರೆ ದಾರಿ ನೋಡುವುದು ಯಾಕೆ ಅಂತ ಕೇಳಿದ್ದಕ್ಕೆ ಡಾಕ್ಟರ್ ಮೇಡಂ ಒಂದು ಲೆಕ್ಕ ಹೇಳಿದರು. 2006ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನ, ಸ್ಟಾರ್-ಡಿ ಅಂತ ಹೆಸರು. ಅದರಲ್ಲಿ ಮೊದಲ ಮಾತ್ರೆಗೆ ಸುಮಾರು ಮೂರರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಂಡರು. ಮೂರನೇ ಮಾತ್ರೆ ಹೊತ್ತಿಗೆ ಅದು ಏಳರಲ್ಲಿ ಒಬ್ಬರಿಗೆ ಇಳಿದಿತ್ತು. ಟಿಎಂಎಸ್‌ಗೆ ಬರುವವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಚೆನ್ನಾಗಿ ಗುಣ ಕಾಣುತ್ತದೆ, ಮೂರರಲ್ಲಿ ಒಬ್ಬರಿಗೆ ಪೂರ್ತಿ ಇಳಿಯುತ್ತದೆ. ಉಳಿದವರಿಗೆ ಅಷ್ಟಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡು ಹೋಗಿ. ನನಗೆ ಇದನ್ನು ಮುಚ್ಚಿಡದೆ ಹೇಳಿದ್ದಕ್ಕೇ ಡಾಕ್ಟರ್ ಮೇಲೆ ನಂಬಿಕೆ ಬಂತು.

ಆಮೇಲೆ ಒಂದು ಫಾರಂ ತುಂಬಿಸುತ್ತಾರೆ. ಇದರಲ್ಲಿ ಒಂದಕ್ಕೂ ಸುಳ್ಳು ಹೇಳಬೇಡಿ. ತಲೆಯೊಳಗೆ ಲೋಹ ಇದೆಯಾ ಅಂತ ಕೇಳುತ್ತಾರೆ: ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಗುಂಡಿನ ಚೂರು, ಇಂಥವು. ಇದ್ದರೆ ಸಾಮಾನ್ಯವಾಗಿ ಟಿಎಂಎಸ್ ಇಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೂ ಹೇಳಿ. ಹಲ್ಲಿಗೆ ತುಂಬಿಸಿದ್ದು, ಹಾಕಿಸಿದ ಕ್ಯಾಪು ತೊಂದರೆ ಇಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಫಿಟ್ಸ್ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗ ಇದೆಯಾ ಅಂತಲೂ ಕೇಳುತ್ತಾರೆ. ಕಾರಣ ಇದೆ. ಈ ಚಿಕಿತ್ಸೆಯಲ್ಲಿ ದೊಡ್ಡ ಅಪಾಯ ಅಂದರೆ ಫಿಟ್ಸ್ ಬರುವುದು. ಬರುವುದು ತೀರಾ ಅಪರೂಪ, ಸಾವಿರ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ನಿದ್ದೆಗೆಟ್ಟರೆ, ಕುಡಿದಿದ್ದರೆ, ಬುಪ್ರೊಪಿಯಾನ್ ಥರದ ಕೆಲವು ಮಾತ್ರೆ ತಗೊಳ್ಳುತ್ತಿದ್ದರೆ ಆ ಸಾಧ್ಯತೆ ಜಾಸ್ತಿ ಆಗುತ್ತದೆ.

ಹಿಂದೆ ಯಾವಾಗಲಾದರೂ ಇದ್ದಕ್ಕಿದ್ದಂತೆ ನಿದ್ದೆಯೇ ಬೇಡ ಅನ್ನಿಸಿ, ದುಡ್ಡು ಚೆಲ್ಲಿ, ಲೋಕವೇ ನಂದು ಅನ್ನುವ ಥರ ಇದ್ದಿದ್ದರೆ ಅದನ್ನೂ ಹೇಳಿ. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಇಳಿಯುವ ಕಾಯಿಲೆ ಇರಬಹುದು, ಆಗ ಡಾಕ್ಟರ್ ಲೆಕ್ಕ ಬೇರೆ ಹಾಕುತ್ತಾರೆ. ಮತ್ತೆ ರಾತ್ರಿ ನಿದ್ದೆಗೆ ಅಂತ ನುಂಗುವ ಕ್ಲೋನಾಜೆಪಾಮ್! "ಅದೇನ್ ಬಿಡಿ, ಚಿಕ್ಕ ಮಾತ್ರೆ" ಅಂತ ಎಷ್ಟೋ ಜನ ಹೇಳುವುದೇ ಇಲ್ಲ. ಹೇಳಲೇಬೇಕು. ನೀವೇ ಹಠಾತ್ತಾಗಿ ನಿಲ್ಲಿಸಲೂಬಾರದು, ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು.

ಟೇಪು, ಟೋಪಿ, ಹೆಬ್ಬೆರಳು

ಮೊದಲ ದಿನ ಆಸ್ಪತ್ರೆಯ ಹುಡುಗ ಜೇಬಿನಿಂದ ತೆಗೆದದ್ದು ನನ್ನ ಕುತ್ತಿಗೆಯಲ್ಲಿ ದಿನಾ ನೇತಾಡುವಂಥದ್ದೇ ಟೇಪು. ಬೇಡವೆಂದರೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ಅದೂ ಅರ್ಧ.

ಮೂಗಿನ ಬುಡದಿಂದ ತಲೆ ಹಿಂದಿನ ಉಬ್ಬಿನವರೆಗೆ ಒಂದು ಅಳತೆ. ಈ ಕಿವಿಯಿಂದ ಆ ಕಿವಿಗೆ ನೆತ್ತಿ ಮೇಲಿಂದ ಒಂದು. ಹಣೆ ಸುತ್ತ ಒಂದು. ಮೂರನ್ನೂ ಕಂಪ್ಯೂಟರ್‌ಗೆ ಹಾಕಿದರೆ ಅದು ಎಡಗಡೆ ಹಣೆ ಮೇಲೆ, ಕೂದಲು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಹಿಂದೆ ಒಂದು ಚುಕ್ಕಿ ತೋರಿಸುತ್ತದೆ. ಮಿದುಳಿನ ಮುಂಭಾಗದಲ್ಲಿ ಖಿನ್ನತೆ ಇದ್ದವರಿಗೆ ಮಂಕಾಗಿರುವ ಜಾಗ ಅದರ ಕೆಳಗಿರುತ್ತದೆ. ಈಜುವವರು ಹಾಕುವ ಥರ ಒಂದು ಬಿಗಿ ಟೋಪಿ ಹಾಕಿ ಅದರ ಮೇಲೆ ಗುರುತು ಮಾಡಿದರು. ಕೆಲವು ಕಡೆ ಎಂಆರ್‌ಐ ಚಿತ್ರ ಇಟ್ಟುಕೊಂಡು ಕ್ಯಾಮೆರಾದಿಂದ ಜಾಗ ಹುಡುಕುತ್ತಾರೆ, ಅದಕ್ಕೆ ದುಡ್ಡು ಜಾಸ್ತಿ. ನನಗೆ ಟೇಪಿನದ್ದೇ ಆಯಿತು.

ಆಮೇಲೆ ಹೆಬ್ಬೆರಳು. ನಿಮ್ಮ ತಲೆಗೆ ಎಷ್ಟು ಬಲ ಬೇಕು ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಕಾಯಿಲನ್ನು ಸ್ವಲ್ಪ ಹಿಂದಕ್ಕೆ, ಕೈಯನ್ನು ಆಡಿಸುವ ಭಾಗದ ಮೇಲೆ ಇಟ್ಟು ಒಂದೊಂದೇ ಏಟು ಕೊಡುತ್ತಾರೆ. ತಲೆಯ ಎಡಗಡೆ "ಟಕ್" ಅಂತು. ತೊಡೆ ಮೇಲೆ ಸುಮ್ನೆ ಇಟ್ಟಿದ್ದ ನನ್ನ ಬಲಗೈ ಹೆಬ್ಬೆರಳು ತಾನಾಗೇ ಮಿಡಿಯಿತು. ಇನ್ನೊಂದು "ಟಕ್", ಮತ್ತೆ ಮಿಡಿಯಿತು. ಕತ್ತರಿ ಹಿಡಿದು ಹಿಡಿದು ಆ ಬೆರಳಿನ ಪಕ್ಕ ನನಗೊಂದು ಗಟ್ಟಿ ಗಂಟಿದೆ. ಎಷ್ಟೋ ತಿಂಗಳಿಂದ ಕೆಲಸ ಮಾಡು ಅಂದರೂ ಮಾಡದ ಬೆರಳು ಅದು. ಈಗ ನನ್ನನ್ನು ಕೇಳದೆ ಕುಣಿಯುತ್ತಿತ್ತು. ಹೆದರಿಕೆಯೂ ಆಯಿತು, ಆಶ್ಚರ್ಯವೂ ಆಯಿತು.

ಹತ್ತು ಏಟಿಗೆ ಐದು ಸಲ ಬೆರಳು ಆಡಬೇಕು. ಅಷ್ಟಕ್ಕೆ ಸಾಕಾಗುವ ಕಡಿಮೆ ಬಲ ಎಷ್ಟೋ ಅದು ನಿಮ್ಮ ನಂಬರ್. ನನ್ನದು ಮೆಷಿನ್‌ನಲ್ಲಿ 48. ಚಿಕಿತ್ಸೆ ಕೊಡುವುದು ಸಾಮಾನ್ಯವಾಗಿ ಅದರ 120 ಪರ್ಸೆಂಟ್‌ನಲ್ಲಿ, ಅಂದರೆ 58. ಮೊದಲ ದಿನವೇ ಅಷ್ಟು ಕೊಡಲಿಲ್ಲ, ನಾಲ್ಕು ದಿನದಲ್ಲಿ ಮೆಟ್ಟಿಲು ಹತ್ತಿಸಿದರು. ಆ ನಂಬರ್ ಬರೆದಿಟ್ಟುಕೊಳ್ಳಿ.

ಇಲ್ಲಿ ಹೆಂಗಸರಿಗೆ ಎರಡು ಮಾತು. ಜಡೆಯನ್ನು ಕುತ್ತಿಗೆ ಹಿಂದೆ ತುರುಬು ಕಟ್ಟಿದರೆ ತಲೆ ಒರಗಿಸಲು ಆಗುವುದಿಲ್ಲ. ಪಕ್ಕಕ್ಕೆ, ಕೆಳಗೆ, ಸಡಿಲ ಹೆಣೆಯಿರಿ. ಕ್ಲಿಪ್ಪು, ಹೇರ್‌ಪಿನ್ ಏನೂ ಬೇಡ, ರಬ್ಬರ್ ಬ್ಯಾಂಡ್ ಸಾಕು. ಎಣ್ಣೆ ಹಚ್ಚಿದ ದಿನ ಟೋಪಿ ಜಾರುತ್ತದೆ. ಓಲೆ, ಜುಮುಕಿ ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ಆಸ್ಪತ್ರೆಯಲ್ಲಿ ಬಿಚ್ಚಿದರೆ ಕಳೆದುಹೋಗುತ್ತದೆ. ನನ್ನ ಮೂಗುಬೊಟ್ಟು ಮದುವೆಯಾದಾಗಿನಿಂದ ತೆಗೆದಿದ್ದಲ್ಲ, ತಿರುಗಿಸಿದರೆ ಬರುವುದೇ ಇಲ್ಲ. ಡಾಕ್ಟರ್‌ಗೆ ತೋರಿಸಿದೆ, ನೋಡಿ ಪರವಾಗಿಲ್ಲ ಅಂದರು. ನೀವೂ ತೋರಿಸಿಯೇ ಕೇಳಿ. ಮೊಬೈಲು, ಎಟಿಎಂ ಕಾರ್ಡು ರೂಮಿನ ಹೊರಗಿರಲಿ.

ಮೂವತ್ತೇಳೂವರೆ ನಿಮಿಷ

ಹಲ್ಲಿನ ಡಾಕ್ಟರ್ ಹತ್ತಿರ ಇರುವಂಥ ಕುರ್ಚಿ. ಕಿವಿಗೆ ಸ್ಪಂಜಿನ ಬಿರಡೆ. ಅದನ್ನು ಮರೆಯಬೇಡಿ, ಅವರು ಮರೆತರೂ ನೀವು ಕೇಳಿ. ಸದ್ದು ಜೋರು.

ಸದ್ದು ಹೇಗಿರುತ್ತದೆ ಅಂತ ಕೇಳಿದರೆ ಎಲ್ಲರೂ ಮರಕುಟಿಗ ಅನ್ನುತ್ತಾರೆ. ನನಗೆ ಮೋಟಾರ್ ಹಾಕಿದ ಹೊಲಿಗೆ ಮೆಷಿನ್ ಅನ್ನಿಸಿತು. ನಾಲ್ಕು ಸೆಕೆಂಡು ಪೆಡಲ್ ಒತ್ತಿ ಬಿಟ್ಟ ಹಾಗೆ ಟಕಟಕಟಕ, ಆಮೇಲೆ 26 ಸೆಕೆಂಡು ಸುಮ್ಮನೆ. ಮತ್ತೆ ಟಕಟಕಟಕ. ಸೆಕೆಂಡಿಗೆ ಹತ್ತು ಏಟು. ಒಂದು ಸುತ್ತಿಗೆ 40, ಅಂಥ 75 ಸುತ್ತು, ಒಟ್ಟು 3000. ಬೇರೆ ಕೆಲಸ ಇಲ್ಲವಲ್ಲ, ನಾನು ಕೂತು ಇದನ್ನೆಲ್ಲ ಲೆಕ್ಕ ಹಾಕಿದೆ.

ನೋವು? ಮೊದಲ ವಾರ ಇತ್ತು. ಬೆರಳಲ್ಲಿ ಯಾರೋ ಒಂದೇ ಜಾಗಕ್ಕೆ ಚಿಟಿ ಹೊಡೆದ ಹಾಗೆ. ಎಡ ಹುಬ್ಬು ಕುಣಿಯುತ್ತಿತ್ತು, ಮೇಲಿನ ಹಲ್ಲು ಜುಮ್ ಅನ್ನುತ್ತಿತ್ತು. ಮೂರು ದಿನ ಹಲ್ಲು ಕಚ್ಚಿ ಕೂತೆ. ನಾಲ್ಕನೇ ದಿನ ಹೇಳಿದ್ದಕ್ಕೆ ಆ ಹುಡುಗ ಕಾಯಿಲನ್ನು ಒಂಚೂರು ತಿರುಗಿಸಿದ, ಅರ್ಧ ನೋವು ಹೋಯಿತು. "ಮೊದ್ಲೇ ಹೇಳ್ಬಾರ್ದಾ ಅಮ್ಮಾ?" ಅಂದ. ಹೇಳಬೇಕಿತ್ತು. ಸಹಿಸಿಕೊಂಡು ಕೂತವರಿಗೆ ಅಲ್ಲಿ ಬಹುಮಾನ ಇಲ್ಲ. ಸಂಜೆ ತಲೆನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳಬಹುದು ಅಂದಿದ್ದರು, ಎರಡು ವಾರದ ಮೇಲೆ ಅದೂ ಬೇಕಾಗಲಿಲ್ಲ. ತೂಕಡಿಸಬಾರದು. ತಲೆ ವಾಲಿದರೆ ಕಾಯಿಲ್ ಜಾಗ ತಪ್ಪುತ್ತದೆ.

ನಿಮ್ಮ ಆಸ್ಪತ್ರೆಯಲ್ಲಿ ಮೂರು ನಿಮಿಷಕ್ಕೇ ಮುಗಿಸಿ ಕಳಿಸಿದರೆ ಮೋಸ ಅಂದುಕೊಳ್ಳಬೇಡಿ. ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಯಜಮಾನರು, "ಅವರಿಗೆ ಮುಕ್ಕಾಲು ಗಂಟೆ, ನನಗೆ ಮೂರ್ ನಿಮಿಷ, ದುಡ್ಡು ಮಾತ್ರ ಒಂದೇನಾ?" ಅಂತ ದಿನಾ ಜಗಳ ಆಡುತ್ತಿದ್ದರು. ಅದು ತೀಟಾ ಬರ್ಸ್ಟ್ ಅನ್ನುವ ಬೇರೆ ಲಯ. ಮೂರು ಮೂರು ಏಟಿನ ಗೊಂಚಲು ಮಾಡಿ ಒಟ್ಟು 600 ಕೊಡುತ್ತಾರೆ. ಕೆನಡಾದಲ್ಲಿ 414 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿ, ಮೂರು ನಿಮಿಷದ್ದು ಉದ್ದದ್ದಕ್ಕಿಂತ ಕಡಿಮೆ ಏನಲ್ಲ ಅಂತ 2018ರಲ್ಲಿ ಹೇಳಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ದಿನಕ್ಕೆ ಹತ್ತರಂತೆ ಐದೇ ದಿನದಲ್ಲಿ 50 ಸಿಟ್ಟಿಂಗ್ ಮುಗಿಸುವ ಇನ್ನೊಂದು ಕ್ರಮ ಮಾಡಿದ್ದಾರೆ. ಅದಕ್ಕೆ 2022ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ನನಗೆ ಅದು ಸಿಕ್ಕಿದ್ದರೆ ಆರು ವಾರ ತಂಗಿ ಮನೆ ಸೇರುವುದು ತಪ್ಪುತ್ತಿತ್ತು.

ದಿನಾ ಹೋಗುವುದು

ಈ ಚಿಕಿತ್ಸೆಯಲ್ಲಿ ಮೆಷಿನ್ ಅದರ ಕೆಲಸ ಮಾಡುತ್ತದೆ. ನಿಮ್ಮ ಕೆಲಸ ಕುರ್ಚಿವರೆಗೆ ಹೋಗುವುದು. ವಾರಕ್ಕೆ ಐದು ದಿನ, ಆರು ವಾರ, ಮೂವತ್ತು ಸಲ. ಹಾಸಿಗೆಯಿಂದ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದ ಹಾಗಿರುವವರಿಗೆ ಮೂವತ್ತು ಸಲ ಬೆಂಗಳೂರು!

ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ತಾನೇ, ಸಾವಿರಾರು ಜನ ದಿನಾ ಟ್ರೈನಿನಲ್ಲಿ ಓಡಾಡುತ್ತಾರೆ, ನಾನೂ ಓಡಾಡಿದರಾಯಿತು ಅಂದುಕೊಂಡೆ. ಗಣೇಶನ ಹಬ್ಬ ಮುಗಿದ ವಾರ ಶುರು ಮಾಡಿದೆ. ಮೂರು ದಿನ ಹೋದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ಕೂತೆ, ಚಪ್ಪಲಿ ಹಾಕಿದೆ, ಬಾಗಿಲ ಹತ್ತಿರ ನಿಂತೆ. ಕಾಲು ಬರಲಿಲ್ಲ. ಟ್ರೈನು ಹೋಯಿತು. ಯಜಮಾನರು ಅಂಗಡಿಗೆ ರಜಾ ಹಾಕಿ ಬಸ್ಸಿನಲ್ಲಿ ಕರೆದುಕೊಂಡು ಹೋದರು, ತಲುಪಿದ್ದು ಎರಡು ಗಂಟೆ ತಡವಾಗಿ. ಆವತ್ತು ಸಂಜೆ ಬೆಂಗಳೂರಿನ ವಿಜಯನಗರದಲ್ಲಿರುವ ತಂಗಿ ಫೋನ್ ಮಾಡಿ, "ಅಕ್ಕಾ, ನಿನ್ನ ಬಟ್ಟೆ ತಗೊಂಡು ಬಾ, ವಾಪಸ್ ಹೋಗೋ ಮಾತೇ ಬೇಡ" ಅಂದಳು.

ಆದ್ದರಿಂದ ಮೊದಲನೆಯ ಮಾತು, ಹತ್ತಿರ ಉಳಿಯಿರಿ. ನೆಂಟರ ಮನೆಯೋ, ಪಿಜಿಯೋ, ಮಠದ ಕೊಠಡಿಯೋ, ಯಾವುದಾದರೂ ಸರಿ. ಓಡಾಟಕ್ಕೆ ಒಂದು ಗಂಟೆಗಿಂತ ಜಾಸ್ತಿ ಆಗಬಾರದು. ನೆಂಟರ ಮನೆಯಾದರೆ ಹೋದ ದಿನವೇ ಒಂದು ಮಾತು ಹೇಳಿಬಿಡಿ: "ನಾನು ಮಾತಾಡದೆ ಇದ್ದರೆ ಕೋಪ ಅಂದುಕೊಳ್ಳಬೇಡಿ." ನಾನು ಹೇಳಲಿಲ್ಲ. ತಂಗಿ ಗಂಡ ಒಂದು ವಾರ, ಏನೋ ತಪ್ಪಾಯಿತೇನೋ ಅಂತ ನನ್ನ ಮುಂದೆ ಓಡಾಡಲೂ ಮುಜುಗರ ಪಡುತ್ತಿದ್ದರಂತೆ.

ಎರಡನೆಯದು, ಹೊತ್ತು. ಖಿನ್ನತೆಗೆ ಬೆಳಗಿನ ಹೊತ್ತು ಕೆಟ್ಟದ್ದು. ಆದರೂ ನಾನು ಬೆಳಿಗ್ಗೆ ಹತ್ತೂವರೆಗೇ ಕೇಳಿ ಹಾಕಿಸಿಕೊಂಡೆ. ಮಧ್ಯಾಹ್ನಕ್ಕೆ ಇಟ್ಟಿದ್ದರೆ ಮಧ್ಯಾಹ್ನದವರೆಗೆ ಮಲಗೇ ಇರುತ್ತಿದ್ದೆ, ನನ್ನನ್ನು ನಾನು ಬಲ್ಲೆ. ಮೂವತ್ತು ದಿನಕ್ಕೂ ಒಂದೇ ಹೊತ್ತು ಇರಲಿ. "ಇವತ್ತು ಹೋಗೋಣವಾ?" ಅನ್ನುವ ಪ್ರಶ್ನೆಯೇ ಬರಬಾರದು. ತಂಗಿ ಕೇಳುತ್ತಿರಲಿಲ್ಲ. ಒಂಬತ್ತಕ್ಕೆ ತಿಂಡಿ ಮುಂದಿಡುತ್ತಿದ್ದಳು, ಒಂಬತ್ತೂವರೆಗೆ ಬಾಗಿಲು ತೆಗೆದು ನಿಲ್ಲುತ್ತಿದ್ದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸುವುದು. ಮೊದಲ ಹತ್ತು ದಿನ ಜೊತೆಗೆ ಬಂದಳು, ಆಮೇಲೆ ಸ್ಟೇಷನ್‌ವರೆಗೆ, ಆಮೇಲೆ ಗೇಟಿನವರೆಗೆ.

ನಿದ್ದೆ ಕೆಟ್ಟರೆ ಹೇಳಿ. ಒಂದು ರಾತ್ರಿ ನಾನು ಎರಡು ಗಂಟೆಯೂ ಮಲಗಿರಲಿಲ್ಲ. ಹೇಳಿದರೆ ಸಿಟ್ಟಿಂಗ್ ತಪ್ಪಿಸುತ್ತಾರೆ ಅಂತ ಬಾಯಿಬಿಡದೆ ಕೂತೆ. ಮುಖ ನೋಡಿಯೇ ಆ ಹುಡುಗ ಹಿಡಿದುಬಿಟ್ಟ, ಡಾಕ್ಟರನ್ನು ಕರೆದ, ಆವತ್ತು ವಾಪಸ್ ಕಳಿಸಿದರು. ಬೇಜಾರಾಯಿತು. ಆದರೆ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಕೊನೆಗೆ ಒಂದು ಸೇರಿಸುತ್ತಾರೆ. ಮಾತ್ರೆ ಬದಲಾದರೂ ಹೇಳಬೇಕು, ಆಗ ಹೆಬ್ಬೆರಳಿನ ಅಳತೆ ಮತ್ತೆ ತೆಗೆಯುತ್ತಾರೆ.

ಆ ಹುಡುಗ ಒಳ್ಳೆಯವನೇ. ಆದರೆ ಅವನಿಗೆ ರಜಾ ಇದ್ದ ದಿನ ಒಂದು ಎಡವಟ್ಟಾಯಿತು. ಬೇರೆಯವರೊಬ್ಬರು ಬಂದು ಟೋಪಿ ಹಾಕಿದರು. ಹಾಕಿದ ಕ್ಷಣ ಗೊತ್ತಾಯಿತು, ಇದು ನನ್ನದಲ್ಲ. ಹಣೆ ಸುತ್ತ ಮುಕ್ಕಾಲು ಇಂಚು ಸಡಿಲ. ಬೇರೆಯವರ ಅಳತೆ ನನಗೆ ಗೊತ್ತಾಗದೆ ಇರುತ್ತದಾ? "ಇದು ನಂದಲ್ಲ" ಅಂದೆ. "ಎಲ್ಲಾ ಒಂದೇ ಸೈಜ್ ಮೇಡಂ" ಅಂದರು. ಟೋಪಿ ಒಂದೇ ಸೈಜ್ ಇರಬಹುದು, ಗುರುತು ಒಂದೇ ಅಲ್ಲವಲ್ಲ! ಬಿಚ್ಚಿ ನೋಡಿದರೆ ಒಳಗೆ ಬೇರೆ ಯಾರದೋ ನಂಬರ್. ಅಲ್ಲೇ ಇನ್ನೊಂದು ಡಬ್ಬಿಯಲ್ಲಿ ನನ್ನದು ಸಿಕ್ಕಿತು. ಗುರುತು ಒಂದು ಸೆಂಟಿಮೀಟರ್ ಆಚೀಚೆ ಆದರೆ ತಟ್ಟುವ ಜಾಗವೇ ಬೇರೆ ಆಗುತ್ತದೆ. ಮಾರನೇ ದಿನ ಒಂದು ತುಂಡು ಲೈನಿಂಗ್ ಬಟ್ಟೆ ಮೇಲೆ ಕೆಂಪು ದಾರದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಹೊಲಿದು ತಗೊಂಡು ಹೋಗಿ ಟೋಪಿ ಅಂಚಿಗೆ ಹಾಕಿದೆ. ನೀವು ಪೆನ್ನಿನಲ್ಲಿ ಬರೆದರೂ ಸಾಕು, ಬರೆಯಿರಿ. ಟೋಪಿ ದಿನಾ ಹುಬ್ಬಿನಿಂದ ಎಷ್ಟು ಮೇಲೆ ಕೂರಬೇಕು ಅನ್ನುವುದನ್ನೂ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಮನೆಗೆ ಬಂದು ನೀವು ಮಲಗುವ ಮುಂಚೆ ಒಂದು ಸಾಲು ಬರೆಯಿರಿ, ಮನೆಯವರ ಕೈಲೂ ಒಂದು ಸಾಲು ಬರೆಸಿ. ಯಾಕೆಂದರೆ ಬದಲಾವಣೆ ನಿಮಗಿಂತ ಮುಂಚೆ ಅವರಿಗೆ ಕಾಣುತ್ತದೆ. ನನ್ನ ಪುಸ್ತಕದಲ್ಲಿ ನನ್ನ ಸಾಲು ಹನ್ನೆರಡು ದಿನವೂ "ಏನಿಲ್ಲ". ತಂಗಿಯ ಸಾಲು ಒಂಬತ್ತನೇ ದಿನ "ಎರಡು ದೋಸೆ ತಿಂದಳು", ಹನ್ನೊಂದನೇ ದಿನ "ಸೀರೆ ಅವಳೇ ಮಡಿಸಿದಳು".

ಎರಡನೇ ವಾರ ನನಗೆ ಇನ್ನೂ ಕೆಟ್ಟದಾಯಿತು. ಇಷ್ಟು ದುಡ್ಡು, ಇಷ್ಟು ಜನರಿಗೆ ತೊಂದರೆ, ಇದೂ ಹಿಡಿಯದಿದ್ದರೆ ಇನ್ನೇನು ಉಳಿಯಿತು ಅನ್ನುವ ಯೋಚನೆ. ಈ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಸಾಯುವ ಯೋಚನೆ ಸುಳಿದರೆ ಮರುದಿನದ ಸಿಟ್ಟಿಂಗ್‌ವರೆಗೆ ಕಾಯಬೇಡಿ, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ಮನೆಯವರಿಗೆ ಹೇಳಿ. ಟೆಲಿ-ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ನಂಬರ್ 14416, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾನು ಒಂದು ರಾತ್ರಿ ಮಾಡಿದ್ದೇನೆ. ಆ ಕಡೆ ಹೆಣ್ಣುಮಗಳೊಬ್ಬಳು ಹೆಚ್ಚೇನೂ ಹೇಳಲಿಲ್ಲ. ನಾನು ಅತ್ತು ಮುಗಿಸುವವರೆಗೆ ಫೋನ್ ಇಡಲಿಲ್ಲ.

ನಡುವೆ ಆಯುಧಪೂಜೆ ಬಂತು, ಆಸ್ಪತ್ರೆಗೂ ರಜಾ. ತುಮಕೂರಿಗೆ ಹೋದೆ. ಯಜಮಾನರು ನನ್ನ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಮಂಗಳಾರತಿ ಎತ್ತಿದೆ. ಚೆನ್ನಾಗಿದೆ ಅಂತ ಗೊತ್ತಾಯಿತು, ಒಳಗೆ ಏನೂ ಆಗಲಿಲ್ಲ. ರಜಾದಲ್ಲಿ ನಿಮಗೂ ಹೀಗೇ ಆದರೆ ಗಾಬರಿ ಬೇಡ.

ನನಗೆ ಆಗಿದ್ದು ಹದಿನೇಳನೇ ಸಿಟ್ಟಿಂಗ್ ದಿನ, ಅದೂ ಆಸ್ಪತ್ರೆಯಲ್ಲಲ್ಲ, ಮೆಟ್ರೋದಲ್ಲಿ. ನನ್ನ ಮುಂದೆ ಒಬ್ಬರು ಕಂಬಿ ಹಿಡಿದು ನಿಂತಿದ್ದರು. ಒಳ್ಳೆ ಮೈಸೂರ್ ಸಿಲ್ಕ್ ಸೀರೆ. ಬ್ಲೌಸಿನ ಎಡ ತೋಳು ಹಿಂದಕ್ಕೆ ಎಳೆದುಕೊಂಡಿತ್ತು. ತೋಳಿನ ಹಿಂಭಾಗ ಮುಂಭಾಗ ಅದಲುಬದಲು ಮಾಡಿ ಹೊಲಿದಿದ್ದಾರೆ! ಇಂಥ ಬಟ್ಟೆಗೆ ಇಂಥ ಹೊಲಿಗೆಯಾ ಅಂತ ಮೈಯೆಲ್ಲ ಉರಿದುಹೋಯಿತು. ಎರಡು ಸ್ಟೇಷನ್ ದಾಟಿದ ಮೇಲೆ ಹೊಳೆಯಿತು, ನನಗೆ ಸಿಟ್ಟು ಬಂದಿದೆ ಅಂತ. ಒಂದು ವರ್ಷದಿಂದ ನನಗೆ ಯಾವುದರ ಮೇಲೂ ಸಿಟ್ಟೇ ಬಂದಿರಲಿಲ್ಲ.

ಖುಷಿ ಬರುತ್ತದೆ ಅಂತ ಕಾಯಬೇಡಿ ಅಂತ ಇದನ್ನು ಹೇಳಿದೆ. ಮೊದಲು ಬರುವುದು ಏನೋ ಬೇರೆ ಇರಬಹುದು. ಹಸಿವು, ಕಿರಿಕಿರಿ, ಕಾಫಿಗೆ ಸಕ್ಕರೆ ಕಡಿಮೆಯಾಯಿತು ಅನ್ನುವುದು. ಅದನ್ನೇ ಬರೆದಿಡಿ.

ದುಡ್ಡು

ಆಸ್ಪತ್ರೆಯಿಂದ ಆಸ್ಪತ್ರೆಗೆ ರೇಟು ಬೇರೆ, ನಾನು ಕೊಟ್ಟಿದ್ದು ಹೇಳಿದರೆ ನಿಮಗೆ ಉಪಯೋಗವಿಲ್ಲ. ಕೇಳಬೇಕಾದ್ದು ಇಷ್ಟು: ಒಂದು ಸಿಟ್ಟಿಂಗ್‌ಗೆ ಎಷ್ಟು, ಮೊದಲ ದಿನದ ಅಳತೆಗೆ ಬೇರೆ ದುಡ್ಡಾ, ನಡುವೆ ನಿಲ್ಲಿಸಿದರೆ ಉಳಿದದ್ದು ವಾಪಸ್ ಕೊಡುತ್ತೀರಾ. ಮೂವತ್ತಕ್ಕೂ ಒಟ್ಟಿಗೆ ಮುಂಗಡ ಕಟ್ಟಬೇಡಿ, ಹತ್ತು ಹತ್ತಕ್ಕೆ ಕಟ್ಟಿ.

ಇನ್ಶೂರೆನ್ಸ್ ಇದ್ದವರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮೈ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡುವಂತಿಲ್ಲ. ಆದರೆ ಸಿಕ್ಕಿಹಾಕಿಕೊಳ್ಳುವುದು ಬೇರೆ ಕಡೆ. ಟಿಎಂಎಸ್‌ಗೆ ಅಡ್ಮಿಟ್ ಆಗುವುದಿಲ್ಲ, ಬಂದು ಹೋಗುವುದು. ಎಷ್ಟೋ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ಶುರು ಮಾಡುವ ಮುಂಚೆಯೇ ಮೇಲ್ ಕಳಿಸಿ ಲಿಖಿತವಾಗಿ ಕೇಳಿ. ಫೋನಿನಲ್ಲಿ "ಆಗತ್ತೆ ಮೇಡಂ" ಅಂದಿದ್ದು ನಂಬಿ ನಾನು ಕೆಟ್ಟೆ.

ಮೂವತ್ತು ಆದ ಮೇಲೆ

ಚಿಕಿತ್ಸೆಗೆ ಮುಂಚೆ, ಮಧ್ಯದಲ್ಲಿ, ಕೊನೆಗೆ ಒಂಬತ್ತು ಪ್ರಶ್ನೆಯ ಒಂದು ಹಾಳೆ ತುಂಬಿಸುತ್ತಾರೆ, ಪಿಎಚ್‌ಕ್ಯೂ-9 ಅಂತ. 27ಕ್ಕೆ ಅಂಕ, ಇಲ್ಲಿ ಜಾಸ್ತಿ ಬಂದಷ್ಟೂ ಕೆಟ್ಟದ್ದು. ನನ್ನದು 22 ಇದ್ದದ್ದು 9ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಆ ಮೂರು ನಿಮಿಷದ ಯಜಮಾನರದ್ದು 4ಕ್ಕೆ ಇಳಿಯಿತಂತೆ, ಜಗಳ ಮಾತ್ರ ಬಿಡಲಿಲ್ಲ. ಅವರ ಪಕ್ಕ ಕೂರುತ್ತಿದ್ದ ಕಾಲೇಜು ಹುಡುಗನಿಗೆ ಏನೂ ಆಗಲಿಲ್ಲ, ಅವನ ಡಾಕ್ಟರ್ ಬೇರೆ ದಾರಿ ನೋಡುತ್ತಿದ್ದಾರೆ.

ಕೊನೆಯ ದಿನ ಮಾತ್ರೆ ಡಬ್ಬ ಬಿಸಾಕಬೇಡಿ. ಮಾತ್ರೆ ಮುಂದುವರಿಯುತ್ತದೆ. ಕಡಿಮೆ ಮಾಡುವುದು ಡಾಕ್ಟರ್ ಕೆಲಸ. ನನಗೆ ಸಿಟ್ಟಿಂಗನ್ನೂ ಒಮ್ಮೆಲೇ ನಿಲ್ಲಿಸಲಿಲ್ಲ. ವಾರಕ್ಕೆ ಮೂರು, ಆಮೇಲೆ ಎರಡು, ಆಮೇಲೆ ಒಂದು ಅಂತ ಮೂರು ವಾರ ಇಳಿಸಿದರು. ಅಷ್ಟು ಹೊತ್ತಿಗೆ ಟ್ರೈನಿನಲ್ಲಿ ಒಬ್ಬಳೇ ಓಡಾಡುತ್ತಿದ್ದೆ.

ಮತ್ತೆ ಬರಬಹುದಾ? ಬರಬಹುದು. ನನಗೆ ಹತ್ತು ತಿಂಗಳ ಮೇಲೆ ಸುಳಿವು ಕಾಣಿಸಿತು. ಈ ಸಲ ಕಂಡುಹಿಡಿದದ್ದು ಮಗಳು. ಬಾಬಿನ್ ಖಾಲಿಯಾದರೂ ನಾನು ಸುಮ್ಮನೆ ಪೆಡಲ್ ತುಳಿಯುತ್ತಾ ಕೂತಿದ್ದೆನಂತೆ. ಅವತ್ತೇ ಸಂಜೆ ಡಾಕ್ಟರ್‌ಗೆ ಫೋನ್ ಮಾಡಿಸಿದಳು. ಮತ್ತೆ ಎಂಟು ಸಿಟ್ಟಿಂಗ್ ಕೊಟ್ಟರು, ಬೇರೆ ಆಸ್ಪತ್ರೆಯಲ್ಲಿ. ಅಲ್ಲಿ ಮೊದಲು ಕೇಳಿದ್ದು ಹಳೆ ವಿವರ: ಯಾವ ಕಡೆ, ಯಾವ ಲಯ, ದಿನಕ್ಕೆ ಎಷ್ಟು ಏಟು, ಒಟ್ಟು ಎಷ್ಟು ದಿನ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಇವಿಷ್ಟನ್ನೂ, ಹೆಬ್ಬೆರಳಿನ ನಂಬರನ್ನೂ, ಮೆಷಿನ್ ಹೆಸರನ್ನೂ ಬರೆಸಿಕೊಂಡು ಬನ್ನಿ. ಬರೀ "ಟಿಎಂಎಸ್ ಕೊಡಲಾಗಿದೆ" ಅಂತ ಬರೆದುಕೊಟ್ಟರೆ ಅಲ್ಲೇ ವಾಪಸ್ ಕೊಟ್ಟು ಇನ್ನೊಂದು ಕೇಳಿ. ನನ್ನ ಹೊಸ ಟೋಪಿಯ ಅಂಚಿಗೆ ಹಳೆಯದರಿಂದ ಬಿಚ್ಚಿಟ್ಟುಕೊಂಡಿದ್ದ ಆ ಕೆಂಪು ಅಕ್ಷರದ ತುಂಡನ್ನೇ ಹೊಲಿದೆ.